ಲೈನಿನ ಕೊನೆ ಮನೆ

ಅಪ್ಪ-ಅಮ್ಮ ಮೊದಲ ಸಲ ಅಮೆರಿಕಕ್ಕೆ ಬಂದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸ್ಯಾನ್ ಡಿಯೇಗೊ ಬೀಚು, ಹಾಲಿವುಡ್ ಬೋರ್ಡು, ಮಾಲಿಬು ದೇವಸ್ಥಾನ. ಎರಡು ತಿಂಗಳಲ್ಲಿ ಪಟ್ಟಿ ಮುಗಿಯಿತು. ಡಿಸೆಂಬರ್ ಕೊನೆ ವಾರ ಆಫೀಸಿಗೆ ರಜೆ ಸಿಕ್ಕಿತು. "ಈ ಸಲ ಹೋಟೆಲ್ ಬೇಡ, ಮನೇನೇ ಎಳ್ಕೊಂಡು ಹೋಗೋಣ" ಅಂದೆ.

ಮನೆ ಅಂದರೆ ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 17 ಅಡಿಯ ಟ್ರಾವೆಲ್ ಟ್ರೇಲರ್. ಪಿಕಪ್ ಗಾಡಿಯ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗಬಹುದು. ಒಳಗೆ ಒಂದು ಮಂಚ, ಊಟದ ಮೇಜನ್ನೇ ಮಡಚಿ ಮಾಡುವ ಇನ್ನೊಂದು ಮಂಚ, ಗ್ಯಾಸ್ ಒಲೆ, ಫ್ರಿಜ್, ಹೀಟರ್, ಅಂಗೈಯಗಲದ ಬಚ್ಚಲು. ಅಮ್ಮ ಒಳಗೆ ಹೋಗಿ ಎಲ್ಲ ಬಾಗಿಲು ತೆಗೆದು ನೋಡಿ, "ಬಾಡಿಗೆ ಮನೆಗಿಂತ ಪರವಾಗಿಲ್ಲ" ಅಂತ ಸರ್ಟಿಫಿಕೇಟ್ ಕೊಟ್ಟಳು.

ಅಪ್ಪನ ಪ್ರಶ್ನೆ ಬೇರೆ ಇತ್ತು. "ಕರೆಂಟು?"

ಅವರು ಕೇಳಿದ್ದಕ್ಕೆ ಕಾರಣ ಎರಡು. ಒಂದು, ಪಾವಗಡ ತಾಲ್ಲೂಕಿನಲ್ಲಿ ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದು ರಿಟೈರ್ ಆದವರು. ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, ಆಮೇಲೆ ಬೆಸ್ಕಾಂ ಬಂತು, ಊರವರಿಗೆ ಮಾತ್ರ ಅವರು ಇವತ್ತಿಗೂ 'ಕೆಇಬಿಯವರು'. ಇನ್ನೊಂದು, ಅವರ ಸಿಪ್ಯಾಪ್ ಮೆಷಿನ್. ನಿದ್ದೆಯಲ್ಲಿ ಉಸಿರು ಕಟ್ಟಿ ಕಟ್ಟಿ ಬರುವ ಸ್ಲೀಪ್ ಆಪ್ನಿಯಾ ಅವರಿಗಿದೆ. ರಾತ್ರಿ ಮಾಸ್ಕ್ ಹಾಕಿಕೊಂಡರೆ ಮೆಷಿನ್ ಗಾಳಿ ಒತ್ತುತ್ತದೆ, ಉಸಿರಿನ ದಾರಿ ಮುಚ್ಚಿಕೊಳ್ಳುವುದಿಲ್ಲ. ಕರೆಂಟ್ ಇಲ್ಲದಿದ್ದರೆ ಮೆಷಿನ್ ಇಲ್ಲ.

"ಅದಕ್ಕೇ ಸೋಲಾರ್ ತಂದಿದೀನಲ್ಲ" ಅಂದೆ. ಸೂಟ್‌ಕೇಸ್ ಥರ ಮಡಚುವ 200 ವ್ಯಾಟ್ ಪ್ಯಾನೆಲ್. ಬಿಚ್ಚಿ ಬಿಸಿಲಿಗೆ ನಿಲ್ಲಿಸಿ, ವೈರಿನ ತುದಿಯ ಕ್ಲಿಪ್ಪುಗಳನ್ನು ಟ್ರೇಲರ್ ಬ್ಯಾಟರಿಗೆ ಸಿಕ್ಕಿಸಿದರೆ ಆಯಿತು.

ಲೆಕ್ಕ ನಾನು ಮಾಡಿಟ್ಟಿದ್ದೆ. ಮನೆಯಲ್ಲಿ ಯುಪಿಎಸ್ ಇರುವವರಿಗೆ ಎಎಚ್ ಲೆಕ್ಕ ಗೊತ್ತಿರುತ್ತದೆ. ನನ್ನದು 12 ವೋಲ್ಟಿನ 100 ಎಎಚ್ ಲೆಡ್ ಆಸಿಡ್ ಬ್ಯಾಟರಿ. ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕಡಿಮೆ ಆಗುತ್ತದೆ, ಹಾಗಾಗಿ ಬಳಸಲು ಸಿಗುವುದು 50. ಒಂದು ರಾತ್ರಿಗೆ ಅಪ್ಪನ ಮೆಷಿನ್‌ಗೆ 12. ಅದರಲ್ಲಿ ನೀರು ಬಿಸಿ ಮಾಡುವ ಭಾಗ ಆಫ್ ಮಾಡಿದ್ದೆ, ಇಲ್ಲದಿದ್ದರೆ ಎರಡು-ಮೂರು ಪಟ್ಟು ಬೇಕು. ಫ್ರಿಜ್ ಗ್ಯಾಸಿನಲ್ಲಿ ಓಡಿದರೂ ಅದರ ಸರ್ಕ್ಯೂಟಿಗೆ, ಗ್ಯಾಸ್ ಅಲಾರಮ್ಮಿಗೆ ಸೇರಿ 10. ಲೈಟು, ನೀರಿನ ಪಂಪಿಗೆ 5. ಹೀಟರ್ ಕೂಡ ಗ್ಯಾಸಿನದ್ದೇ, ಆದರೆ ಅದರ ಫ್ಯಾನ್ ಓಡುವಾಗ ಆರೂವರೆ ಆಂಪಿಯರ್ ಎಳೆಯುತ್ತದೆ. ರಾತ್ರಿಯಲ್ಲಿ ಒಟ್ಟು ನಾಲ್ಕು ಗಂಟೆ ಓಡಿದರೆ 26. ಒಟ್ಟು 53. ಹಗಲು ಪ್ಯಾನೆಲ್ ಗಂಟೆಗೆ 10ರಂತೆ ಐದು ಗಂಟೆ ಕೊಟ್ಟರೆ 50. ಸ್ಪ್ರೆಡ್‌ಶೀಟ್‌ನಲ್ಲಿ ಎಲ್ಲ ತಾಳೆಯಾಗಿತ್ತು.

ಡಿಸೆಂಬರ್ 26ಕ್ಕೆ ಹೊರಟೆವು. ಲಾಸ್ ಏಂಜಲೀಸ್ ಕಡೆಯಿಂದ ಐ-10 ಹೆದ್ದಾರಿ ಹಿಡಿದು ಪೂರ್ವಕ್ಕೆ. ಪಾಮ್ ಸ್ಪ್ರಿಂಗ್ಸ್ ಹತ್ತಿರ ಗಾಳಿ ಗಿರಣಿಗಳ ಕಾಡು, ಇಂಡಿಯೋ ದಾಟಿದರೆ ಏರು ರಸ್ತೆ. ಕಾಟನ್‌ವುಡ್ ಸ್ಪ್ರಿಂಗ್ಸ್ ರಸ್ತೆಯಲ್ಲಿ ಎಡಕ್ಕೆ ತಿರುಗಿದರೆ ಜೋಶುವಾ ಟ್ರೀ ನ್ಯಾಷನಲ್ ಪಾರ್ಕಿನ ದಕ್ಷಿಣದ ಬಾಗಿಲು. ಪಾರ್ಕಿನ ಗಡಿಗೆ ಸ್ವಲ್ಪ ಮೊದಲು ಎರಡೂ ಕಡೆ ಇರುವುದು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟಿನ ಸರ್ಕಾರಿ ಜಾಗ. 14 ದಿನದವರೆಗೆ ದುಡ್ಡಿಲ್ಲದೆ ಬೀಡು ಬಿಡಬಹುದು. ನೀರಿಲ್ಲ, ಟಾಯ್ಲೆಟ್ ಇಲ್ಲ, ಪ್ಲಗ್ ಪಾಯಿಂಟ್ ಇಲ್ಲ. ತಂದಿದ್ದನ್ನು ಬಳಸಿ, ಕಸವನ್ನು ವಾಪಸ್ ಒಯ್ಯಬೇಕು.

ಅಮ್ಮ ಇಳಿದವಳೇ ಸುತ್ತ ನೋಡಿದಳು. ಕಲ್ಲು, ಬೋಳು ಗುಡ್ಡ, ಮುಳ್ಳು ಗಿಡ, ಮೊಣಕಾಲೆತ್ತರದ ಪೊದೆ. "ಇದನ್ನ ನೋಡೋಕೆ ವಿಮಾನ ಹತ್ತಬೇಕಿತ್ತೇನೋ? ನಮ್ಮೂರ ಹಿಂದ್ಗಡೆ ಹಿಂಗೇ ಇದೆ!" ಪಾರ್ಕಿಗೆ ಹೆಸರು ಕೊಟ್ಟ ಜೋಶುವಾ ಮರವಾದರೂ ಎಲ್ಲಿ ಅಂದಳು. ಅದು ಉತ್ತರದ ಎತ್ತರದ ಮೊಹಾವಿ ಮರುಭೂಮಿಯಲ್ಲಿ ಬೆಳೆಯುತ್ತದೆ, ದಕ್ಷಿಣದ ಈ ಭಾಗ ಕೊಲೊರಾಡೊ ಮರುಭೂಮಿ, ಇಲ್ಲಿ ಒಕೊಟಿಯೊ ಅನ್ನುವ ಮುಳ್ಳುಕೋಲಿನ ಗಿಡ ಅಂತ ವಿವರಿಸಿದೆ. ಅವಳಿಗೆ ಸಮಾಧಾನ ಆಗಲಿಲ್ಲ.

ಟ್ರೇಲರ್ ನಿಲ್ಲಿಸುವಾಗ ಅವಳದು ಒಂದೇ ಷರತ್ತು: ಬಾಗಿಲು ಪೂರ್ವಕ್ಕಿರಬೇಕು. ಅಮೆರಿಕದ ಟ್ರೇಲರ್‌ಗಳಿಗೆ ಬಾಗಿಲು ಸಾಮಾನ್ಯವಾಗಿ ಬಲಗಡೆ. ಅದು ಪೂರ್ವಕ್ಕೆ ಬಂದರೆ ಮೂತಿ ಉತ್ತರಕ್ಕೆ. ಬ್ಯಾಟರಿ ಇರುವುದು ಮೂತಿಯಲ್ಲಿ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಮಧ್ಯಾಹ್ನವೂ ದಕ್ಷಿಣದಲ್ಲಿ ಸುಮಾರು 33 ಡಿಗ್ರಿಗಿಂತ ಮೇಲೇರುವುದಿಲ್ಲ, ಹತ್ತು ಅಡಿ ಎತ್ತರದ ಟ್ರೇಲರ್‌ನ ನೆರಳು ಉತ್ತರಕ್ಕೆ ಹದಿನೈದು ಅಡಿ ಚಾಚುತ್ತದೆ. ಅಂದರೆ ಬ್ಯಾಟರಿಯ ಸುತ್ತ ದಿನವಿಡೀ ನೆರಳು.

ಎತ್ತಿಕೊಂಡು ಓಡಾಡಬಹುದಾದ ಪ್ಯಾನೆಲ್ ಇರುವುದೇ ಇಂಥದ್ದಕ್ಕೆ. ಮನೆ ನೆರಳಲ್ಲಿರಲಿ, ಪ್ಯಾನೆಲ್ ಬಿಸಿಲಲ್ಲಿರಲಿ. 30 ಅಡಿಯ ವೈರ್ ಸೇರಿಸಿ ಪ್ಯಾನೆಲ್ಲನ್ನು ದೂರ ಒಯ್ದು ನಿಲ್ಲಿಸಿದೆ. ಅಪ್ಪ ವೈರನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಸಣ್ಣ ಆಯ್ತಲ್ಲ ಮಗಾ ಇದು?"

"ಅಪ್ಪಾ, ಇದು 12 ವೋಲ್ಟ್ ಡಿಸಿ. ನಿಮ್ಮ ಲೈನ್ ಥರ ಅಲ್ಲ."

ಅವರು ವೈರ್ ಕೆಳಗಿಟ್ಟು ಸುಮ್ಮನಾದರು.

ಮೊದಲ ರಾತ್ರಿ ಚೆನ್ನಾಗಿತ್ತು. ಮನೆಯಿಂದ ಫುಲ್ ಚಾರ್ಜ್ ಮಾಡಿ ತಂದ ಬ್ಯಾಟರಿ ತಾನೇ. ಮಾರನೇ ದಿನ ಪ್ಯಾನೆಲ್ ಬಿಚ್ಚಿಟ್ಟು ನಾವು ಕಾಟನ್‌ವುಡ್ ಸ್ಪ್ರಿಂಗ್ ನೋಡಲು ಹೋದೆವು. ಒಣ ಮರುಭೂಮಿಯ ನಡುವೆ ಒಂದು ಒರತೆ, ಅದರ ಸುತ್ತ ತಾಳೆ ಜಾತಿಯ ಮರಗಳು. ಅಮ್ಮ ಚಪ್ಪಲಿ ಬಿಟ್ಟು ನಿಂತಳು. ವಾಪಸ್ ಬಂದು ನೋಡಿದರೆ ಪ್ಯಾನೆಲ್ ಹಿಂದಿನ ಕಂಟ್ರೋಲರ್‌ನಲ್ಲಿ ಹಸಿರು ದೀಪ. ಬ್ಯಾಟರಿ ಫುಲ್. "ನೋಡಿದ್ರಾ?" ಅಂದೆ. ಅಪ್ಪ ಏನೂ ಹೇಳಲಿಲ್ಲ.

ಆ ರಾತ್ರಿ ಮೂರು ಗಂಟೆಗೆ ಎಚ್ಚರವಾಯಿತು. ಹೀಟರ್ ಫ್ಯಾನ್ ಮುದುಕರ ಥರ ಏದುಸಿರು ಬಿಡುತ್ತಿತ್ತು. ಮಂಚದ ಅಂಚಿನಲ್ಲಿ ಅಪ್ಪ ಕೂತಿದ್ದರು. ಶಾಲು ಹೊದ್ದು, ಮಾಸ್ಕ್ ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಾಚೆ ನೋಡುತ್ತ.

"ಯಾವಾಗ ಆಫಾಯ್ತು?"

"ಒಂದೂವರೆಗೆ."

"ಎಬ್ಬಿಸ್ಬಾರ್ದಾ?"

"ಎಬ್ಬಿಸಿ ಏನ್ಮಾಡ್ಲಿ? ನಾನು ಮಲಗಿದ್ರೆ ಗೊರಕೆಗೆ ನಿಮ್ಮಮ್ಮ ಎದ್ದು ಕೂರ್ತಾಳೆ, ನನಗೆ ಉಸಿರು ಕಟ್ಟುತ್ತೆ ಅಂತ ಹೆದರ್ತಾಳೆ. ಕೂತಿದ್ರೆ ಆಯ್ತು."

ಗಾಡಿ ಸ್ಟಾರ್ಟ್ ಮಾಡಿ ಅದರಿಂದ ಚಾರ್ಜ್ ಮಾಡುತ್ತೇನೆ ಅಂದರೆ ಬೇಡ, ಅವಳು ಮಲಗಿದಾಳೆ ಅಂದರು. ಬ್ಯಾಟರಿ 11.4 ವೋಲ್ಟ್ ತೋರಿಸುತ್ತಿತ್ತು. ಫುಲ್ ಇದ್ದಾಗ 12.7 ಇರಬೇಕು, ಅರ್ಧ ಇಳಿದರೆ 12.2ರ ಹತ್ತಿರ. ಹೀಟರ್ ಫ್ಯಾನ್ ಶುರುವಾದಾಗ ವೋಲ್ಟೇಜ್ ಇನ್ನೂ ಬಿದ್ದು ಸಿಪ್ಯಾಪ್ ಅಡಾಪ್ಟರ್ ಆಫಾಗಿತ್ತು. ಅರವತ್ತೈದು ದಾಟಿದ ಮನುಷ್ಯ ಒಂದೂವರೆ ಗಂಟೆ ಚಳಿಯಲ್ಲಿ ಕೂತಿದ್ದು ನನ್ನ ಹಸಿರು ದೀಪದ ದೆಸೆಯಿಂದ. ನಮ್ಮ ಕೆಲಸದಲ್ಲೂ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರಿದ್ದು ಸರ್ವರ್ ಮಲಗಿರುವುದುಂಟು. ಅದು ಗೊತ್ತಿದ್ದೂ ದೀಪ ನಂಬಿದೆ.

ಬೆಳಿಗ್ಗೆ ಪ್ಯಾಕ್ ಮಾಡೋಣ, ಇಂಡಿಯೋದಲ್ಲಿ ಕರೆಂಟ್ ಇರುವ ಕ್ಯಾಂಪ್‌ಗ್ರೌಂಡಿಗೆ ಹೋಗೋಣ ಅಂದೆ. ಅಪ್ಪ ಕಾಫಿ ಕುಡಿದು ಲೋಟ ಕೆಳಗಿಟ್ಟು, "ಮೀಟರ್ ಇದೆಯಾ?" ಅಂದರು.

ಟೂಲ್‌ಬಾಕ್ಸಿನಲ್ಲಿ ಅಗ್ಗದ ಮಲ್ಟಿಮೀಟರ್ ಇತ್ತು. ಒಂಬತ್ತು ಗಂಟೆಯ ಬಿಸಿಲು ಪ್ಯಾನೆಲ್ ಮೇಲೆ ಬೀಳುತ್ತಿತ್ತು. ಮೊದಲು ಪ್ಯಾನೆಲ್ ಹತ್ತಿರ ಕಂಟ್ರೋಲರ್‌ನ ತುದಿಯಲ್ಲಿ ಹಿಡಿಸಿದರು: 14.4. ಆಮೇಲೆ 30 ಅಡಿ ನಡೆದು ಬಂದು ಬ್ಯಾಟರಿಯ ತುದಿಯಲ್ಲಿ: 12.9.

"ಒಂದೂವರೆ ವೋಲ್ಟು ದಾರೀಲೇ ಹೋಯ್ತು" ಅಂದರು. "ಲೈನಿನ ಕೊನೆ ಮನೆ ಕಥೆ ಇದು."

ನಮ್ಮೂರಲ್ಲಿ ಬೆಳೆದವರಿಗೆ ಆ ಮನೆ ಗೊತ್ತು. ಟ್ರಾನ್ಸ್‌ಫಾರ್ಮರ್ ಪಕ್ಕದ ಮನೆಯಲ್ಲಿ ಬಲ್ಬ್ ಪಳಪಳ, ಲೈನಿನ ಕೊನೆ ಮನೆಯಲ್ಲಿ ಕೆಂಪಗೆ ಮಿಣುಕು. ಕೊನೆಯ ತೋಟದ ಮೋಟರ್ ಗುಂಯ್ ಅಂದು ಸುಟ್ಟುಹೋಗುತ್ತಿತ್ತು, ರೈತ ಸೀದಾ ಬಂದು ಅಪ್ಪನನ್ನು ಬೈಯುತ್ತಿದ್ದ. ಆಫೀಸಿನ ಮೀಟರಿನಲ್ಲಿ ವೋಲ್ಟೇಜ್ ಸರಿಯಾಗೇ ಇರುತ್ತಿತ್ತು.

ಇಲ್ಲೂ ಅದೇ. ಕಂಟ್ರೋಲರ್ ಇದ್ದಿದ್ದು ಪ್ಯಾನೆಲ್ ಬೆನ್ನಿಗೆ. ತನ್ನ ಹತ್ತಿರ 14.4 ಕಂಡ ಕೂಡಲೇ ಬ್ಯಾಟರಿ ತುಂಬುತ್ತಾ ಬಂತು ಅಂದುಕೊಂಡು ಕರೆಂಟ್ ಇಳಿಸುತ್ತಾ ಹೋಯಿತು, ಎರಡು ಗಂಟೆ ಬಿಟ್ಟು ಹಸಿರು ದೀಪ ಹಾಕಿತು. 30 ಅಡಿ ಆಚೆ ಬ್ಯಾಟರಿ ಇನ್ನೂ ಹಸಿದೇ ಇತ್ತು.

"ಡಿಸಿ ಆದ್ರೇನು, ಎಸಿ ಆದ್ರೇನು?" ಅಂದರು ಅಪ್ಪ. "ಶರಾವತಿಯಿಂದ ಬೆಂಗಳೂರಿಗೆ 220 ಸಾವಿರ ವೋಲ್ಟಲ್ಲಿ ಯಾಕೆ ಕಳಿಸ್ತಾರೆ? ವೋಲ್ಟೇಜ್ ಜಾಸ್ತಿ ಇದ್ರೆ ಅಷ್ಟೇ ಪವರ್‌ಗೆ ಆಂಪಿಯರ್ ಕಮ್ಮಿ ಸಾಕು. ಆಂಪಿಯರ್ ಕಮ್ಮಿ ಆದ್ರೆ ದಾರೀಲಿ ನಷ್ಟ ಕಮ್ಮಿ. ನಿಂದು 12 ವೋಲ್ಟು. ಅದಕ್ಕೆ ಇನ್ನೂ ದಪ್ಪ ವೈರ್ ಬೇಕು, ಸಣ್ಣದಲ್ಲ."

ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ನಾನೂ ಓಮ್ಸ್ ಲಾ ಬರೆದು ಪಾಸಾದವನೇ.

ದಪ್ಪ ವೈರ್ ಅಲ್ಲಿ ಸಿಗುವಂತಿರಲಿಲ್ಲ. ಅಪ್ಪನ ಉಪಾಯ: ಕಂಟ್ರೋಲರನ್ನು ಪ್ಯಾನೆಲ್ ಬೆನ್ನಿಂದ ಬಿಚ್ಚಿ ಬ್ಯಾಟರಿ ಪಕ್ಕಕ್ಕೆ ತರುವುದು. ಉದ್ದದ ವೈರ್ ಪ್ಯಾನೆಲ್‌ಗೂ ಕಂಟ್ರೋಲರ್‌ಗೂ ನಡುವೆ. ಪ್ಯಾನೆಲ್ 18 ವೋಲ್ಟಿನ ಹತ್ತಿರ ಕೊಡುತ್ತದೆ, ದಾರಿಯಲ್ಲಿ ಒಂದೂವರೆ ಹೋದರೂ ಹದಿನಾರೂವರೆ ಉಳಿಯುತ್ತದೆ, ಚಾರ್ಜಿಂಗಿಗೆ ಧಾರಾಳ. ಕಂಟ್ರೋಲರ್ ನೋಡುವುದು ಬ್ಯಾಟರಿಯ ನಿಜವಾದ ವೋಲ್ಟೇಜ್.

ನಾನು ಸ್ಕ್ರೂಡ್ರೈವರ್ ಹಿಡಿದು ಕೂತೆ. "ಎಲ್‌ಸಿ ತಗೊಂಡ್ಯಾ?" ಅಂದರು. ಲೈನ್‌ಮನ್‌ಗಳು ಕಂಬ ಹತ್ತುವ ಮುಂಚೆ ಸ್ಟೇಷನ್ನಿನಿಂದ ಪಡೆಯುವ ಲೈನ್ ಕ್ಲಿಯರ್. ಇಲ್ಲಿ ಸ್ಟೇಷನ್ ಸೂರ್ಯ. ಪ್ಯಾನೆಲ್ ಮಡಚಿ ಮುಚ್ಚಿ, ಮೊದಲು ಪ್ಯಾನೆಲ್ ವೈರ್ ಬಿಚ್ಚಿ, ಆಮೇಲೆ ಬ್ಯಾಟರಿ ಬಿಚ್ಚಿದೆ. ಸೇರಿಸುವಾಗ ಉಲ್ಟಾ: ಬ್ಯಾಟರಿ ಮೊದಲು, ಪ್ಯಾನೆಲ್ ಕೊನೆಗೆ. ಬಿಚ್ಚಿ ನಿಲ್ಲಿಸಿದರೆ 9 ಆಂಪಿಯರ್ ಒಳಗೆ ಹೋಗುತ್ತಿತ್ತು.

ಅಮ್ಮ ಅಷ್ಟೂ ಹೊತ್ತು ನೋಡಿ, "ಸೂರ್ಯ ಸರೀತಾನಲ್ಲ, ಅದನ್ನೂ ಸರಿಸಬಾರ್ದಾ? ಸಂಡಿಗೆ ತಟ್ಟೆ ಸರಿಸಲ್ವಾ?" ಅಂದಳು. ಸರಿಯಾದ ಮಾತು. ಆವತ್ತು ದಿನಕ್ಕೆ ಮೂರು ಸಲ ಅವಳೇ ಪ್ಯಾನೆಲ್ ತಿರುಗಿಸಿದಳು. ಚಳಿಗಾಲದ ತಗ್ಗು ಸೂರ್ಯನಿಗೆ ಅದನ್ನು ಹೆಚ್ಚೂ ಕಮ್ಮಿ ಎದ್ದು ನಿಲ್ಲಿಸಬೇಕು, ಮಲಗಿಸಿದರೆ ಅರ್ಧಕ್ಕರ್ಧ ಹೋಗುತ್ತದೆ. ಅವಳು ಒಕೊಟಿಯೊ ಕೊಂಬೆಗೆ ನೇತುಹಾಕಿದ ಟವೆಲ್ಲಿನ ನೆರಳು ಪ್ಯಾನೆಲ್ ಮೂಲೆಗೆ ಬಿದ್ದಾಗ ಕರೆಂಟ್ ಸರ್ರನೆ ಇಳಿಯಿತು. ಸೆಲ್‌ಗಳು ಸರಪಣಿಯಂತೆ ಒಂದರ ಹಿಂದೊಂದು ಜೋಡಿಸಿರುವುದರಿಂದ ಒಂದಕ್ಕೆ ನೆರಳಾದರೆ ಸಾಲಿಗೇ ಪೆಟ್ಟು. ಟವೆಲ್ ಟ್ರೇಲರ್ ಒಳಗೆ ಹೋಯಿತು.

ಆದರೂ ಸಂಜೆ ಲೆಕ್ಕ ಹಾಕಿದರೆ ಬ್ಯಾಟರಿ ಪೂರ್ತಿ ತುಂಬಿರಲಿಲ್ಲ. ಅಪ್ಪನ ಬಳಿ ಅದಕ್ಕೂ ಕೆಇಬಿ ಔಷಧ ಇತ್ತು: ಲೋಡ್ ಶೆಡ್ಡಿಂಗ್. ಮಲಗುವ ಮುಂಚೆ ಅರ್ಧ ಗಂಟೆ, ಬೆಳಗಿನ ಜಾವ ಅರ್ಧ ಗಂಟೆ ಹೀಟರ್. ನಡುವೆ ಬಂದ್, ಎರಡೆರಡು ರಗ್ಗು. ಮೆಷಿನ್ ಮಾತ್ರ ತುರ್ತು ಲೈನ್, ಅದನ್ನು ಮುಟ್ಟುವಂತಿಲ್ಲ.

ಮೂರನೇ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಒಂದೂವರೆಗೆ ಎದ್ದೆ, ಮೂರಕ್ಕೆ ಎದ್ದೆ. ಕತ್ತಲಲ್ಲಿ ಮಾಸ್ಕಿನ ಸಣ್ಣ ಸುಯ್ ಸದ್ದು ಕೇಳಿ ಮತ್ತೆ ಮಲಗಿದೆ. ಬೆಳಿಗ್ಗೆ ಬ್ಯಾಟರಿ 12 ವೋಲ್ಟಿನ ಆಸುಪಾಸಿನಲ್ಲಿತ್ತು. ಅರ್ಧಕ್ಕಿಂತ ಕೆಳಗೆ, ಬ್ಯಾಟರಿಗೆ ಒಳ್ಳೆಯದಲ್ಲ. ಅಪ್ಪ ಮಾತ್ರ ಏಳು ಗಂಟೆವರೆಗೂ ಏಳಲಿಲ್ಲ.

ವಾಪಸ್ ಬರುವಾಗ ಗಾಡಿಯಲ್ಲಿ ಪಾವಗಡದ ಸೋಲಾರ್ ಪಾರ್ಕ್ ಮಾತು ಬಂತು. 2,050 ಮೆಗಾವ್ಯಾಟ್, ಸುಮಾರು 13,000 ಎಕರೆ, ರೈತರಿಂದ ಕೊಂಡದ್ದಲ್ಲ, ಗುತ್ತಿಗೆಗೆ ಪಡೆದದ್ದು. "ನಾನು ಮೋಟರ್ ಸುಟ್ಟುಹೋಯ್ತು ಅಂತ ಬೈಸ್ಕೊಂಡಿದ್ದು ಅದೇ ಸೀಮೇಲಿ. ಈಗ ಅಲ್ಲಿಂದಲೇ ಕರೆಂಟ್ ಹೊರಗೆ ಹೋಗುತ್ತೆ" ಅಂತ ನಕ್ಕರು. ಆಗ ನಾನು, "ಅಪ್ಪಾ, ಮೊದಲ ದಿನ ನೀವು ವೈರ್ ಸಣ್ಣ ಅಂದಾಗ ಕೇಳಬೇಕಿತ್ತು" ಅಂದೆ.

"ಹ್ಞೂಂ, ಮುಂದೆ ನೋಡ್ಕೊಂಡು ಓಡ್ಸು" ಅಂದರು.

ಅವರು ಊರಿಗೆ ಹೋಗಿ ಈಗ ತಿಂಗಳುಗಳಾಗಿವೆ. ನಾನು ಬ್ಯಾಟರಿಯನ್ನು ಲಿಥಿಯಂಗೆ ಬದಲಾಯಿಸಬೇಕು ಅಂತಿದ್ದೇನೆ. ಅದರಲ್ಲಿ ಅರ್ಧದ ಕಟ್ಟಳೆ ಇಲ್ಲ, ಬಹುಪಾಲು ಬಳಸಬಹುದು. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವಂತಿಲ್ಲ, ಚಳಿಗಾಲದ ಮರುಭೂಮಿಗೆ ಅದೂ ಯೋಚಿಸಬೇಕಾದ ವಿಷಯ. ಈ ದಾರಿಯಲ್ಲಿ ಹೊರಡುವವರು ಪ್ಯಾನೆಲ್‌ಗೆ ಎಷ್ಟು ಖರ್ಚು ಮಾಡಿದರೂ ಮಾಡಿ, ಒಂದು ಮೀಟರ್ ಇಟ್ಟುಕೊಳ್ಳಿ. ಅಳೆಯುವುದು ಬ್ಯಾಟರಿಯ ತುದಿಯಲ್ಲಿ.

ಹೊಸ ವೈರ್ ಬಂದ ದಿನ ಫೋಟೊ ಕಳಿಸಿದೆ. ಎರಡೇ ನಿಮಿಷಕ್ಕೆ ಅಪ್ಪನ ವಾಯ್ಸ್ ಮೆಸೇಜ್ ಬಂತು. "ಎಷ್ಟು ಸ್ಕ್ವೇರ್ ಎಂಎಂ ಅಂತ ಹಾಕೇ ಇಲ್ವಲ್ಲೋ?"