ಒಂದೇ ಬಯಲಿನಲ್ಲಿ ನುರಿತವರೂ ಹವ್ಯಾಸಿಗಳೂ

ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ನಗರದ ಬಳಿ, ಸುಮಾರು 1,200 ಎಕರೆಗಳ ಹಸಿರು ಬಯಲಿನಲ್ಲಿ ‘ಕೆಂಟಕಿ ಹಾರ್ಸ್ ಪಾರ್ಕ್’ ಎಂಬ ಅಶ್ವೋದ್ಯಾನವಿದೆ. 1978ರಲ್ಲಿ ಆರಂಭವಾದ ಈ ತಾಣದಲ್ಲಿ ‘ಈವೆಂಟಿಂಗ್’ ಕ್ರೀಡೆಯ ವಿಶ್ವಮಟ್ಟದ ಸ್ಪರ್ಧೆಗಳೂ ಆರಂಭಿಕ ಹಂತದ ಸ್ಪರ್ಧೆಗಳೂ ಜರುಗುತ್ತವೆ. ಕುದುರೆಯ ಶಿಸ್ತಿನ ನಡೆ, ಬಯಲಿನಲ್ಲಿ ದಿಮ್ಮಿ, ಹಳ್ಳ, ನೀರುಗಳನ್ನು ದಾಟುವ ಓಟ, ಅಂಗಳದಲ್ಲಿ ಬೇಲಿಜಿಗಿತ ಎಂಬ ಮೂರು ಪರೀಕ್ಷೆಗಳಲ್ಲಿ ತಪ್ಪಿನಂಕಗಳು ಕಡಿಮೆಯಾದವರೇ ವಿಜಯಿಗಳು. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಅವರು 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದುದು ಇದೇ ಕ್ರೀಡೆಯಲ್ಲಿ.

ಕೆಳಗಿನ ಹಂತಗಳಲ್ಲಿ ಬೇಲಿಯ ಎತ್ತರ ಒಂದು ಮೀಟರಿಗಿಂತ ಕಡಿಮೆ. ವಾರವಿಡೀ ಬೇರೆ ಉದ್ಯೋಗದಲ್ಲಿ ದುಡಿದು, ಬಿಡುವಿನಲ್ಲಿ ಸವಾರಿ ಕಲಿತ ಗೃಹಸ್ಥರು ಇಲ್ಲಿಗೆ ಬರುತ್ತಾರೆ. ಸವಾರಿಯನ್ನೇ ಕಾಯಕವಾಗಿಸಿಕೊಂಡ ನಿಪುಣರೂ ಅವರೊಡನೆ ಸ್ಪರ್ಧಿಸುತ್ತಾರೆ. ಇದು ನ್ಯಾಯವೇ ಎಂದು ಹವ್ಯಾಸಿಗಳು ಕೇಳುವುದು ಸಹಜ. ಆದರೆ ನಿಪುಣರು ಇಲ್ಲಿಗೆ ಹೆಚ್ಚಾಗಿ ತರುವುದು ಇನ್ನೂ ಪಳಗಬೇಕಾದ ಎಳೆಯ ಕುದುರೆಗಳನ್ನು. ಸವಾರನು ಎಷ್ಟೇ ದೊಡ್ಡವನಾಗಲಿ, ಕುದುರೆ ಮೊದಲ ಮೆಟ್ಟಿಲಿನಿಂದಲೇ ಏರಬೇಕು. ಇದಕ್ಕಾಗಿಯೇ ಅಲ್ಲಿನ ನಿಯಮಗಳು ಹೊಸ ಸವಾರರಿಗೆ, ಹೊಸ ಕುದುರೆಗಳಿಗೆ, ಸರ್ವರಿಗೆ ಎಂದು ಬೇರೆ ಬೇರೆ ವಿಭಾಗಗಳಿಗೆ ಅವಕಾಶವಿತ್ತಿವೆ.

ಎಲ್ಲರೂ ಒಂದೇ ವಿಭಾಗದಲ್ಲಿ ನಿಂತಾಗ ಬಹುಮಾನ ನುರಿತವನ ಪಾಲಾಗಬಹುದು. ಆದರೂ, ಬೆದರಿದ ಕುದುರೆಯನ್ನು ಅವನು ಅವಸರಿಸದೆ, ದಂಡಿಸದೆ ಬೇಲಿಯತ್ತ ಒಯ್ಯುವ ಬಗೆಯನ್ನು ಹತ್ತಿರದಿಂದ ಕಾಣುವ ಲಾಭ ಹವ್ಯಾಸಿಯದು. ಅನುಭಾವಿಗಳೊಡನೆ ಸಾಮಾನ್ಯ ಕಾಯಕಜೀವಿಗಳೂ ಕುಳಿತ ಅನುಭವ ಮಂಟಪದ ಪರಂಪರೆಯವರಾದ ನಮಗೆ ಈ ನೋಟ ಅಪರಿಚಿತವಲ್ಲ. ಹಿರಿಯನು ಕಿರಿಯರ ಬಹುಮಾನಕ್ಕೆ ಆಸೆಪಡದೆ, ಕುದುರೆಯ ಕಲಿಕೆಯನ್ನೇ ಬಯಸಿ ಬಂದಾಗ ಮಾತ್ರ ಆ ಸಹಪಂಕ್ತಿಗೆ ಶೋಭೆ.