ಹೊಳೆದಂಡೆಯ ತೋಟದಲ್ಲಿ
ವಿಜಯದಾಸರ ಊರೆಂದು ಹೆಸರಾದ ಮಾನ್ವಿ ತಾಲೂಕಿನ ಚೀಕಲಪರ್ವಿಯಲ್ಲಿ ತುಂಗಭದ್ರೆಯ ದಂಡೆಗೇ ನನ್ನ ಖಾಲಾರ ತೋಟ. ರಜೆಗೆ ಹೋದ ದಿನವೇ ಮಗ ಹೊಳೆಗೆ ಓಡಿದ. "ಬೇಟಾ, ನಿಲ್ಲು! ನೀರಾಗ ಮೊಸಳಿ ಅದಾವ" ಎಂದು ಖಾಲಾ ಕೂಗಿದರು. ಹೆದರಿಸುತ್ತಿದ್ದಾರೆಂದೇ ನಾನು ತಿಳಿದೆ. ಅಷ್ಟರಲ್ಲಿ ದಂಡೆಯ ಬಂಡೆಯೊಂದು ಮೆಲ್ಲಗೆ ನೀರಿಗೆ ಜಾರಿತು! ನನ್ನ ಕೈಕಾಲು ತಣ್ಣಗಾದವು.

ರಾತ್ರಿ ಸೆಖೆಗೆ ನೆಲದಲ್ಲಿ ಚಾಪೆ ಹಾಸಿದರೆ ಅದಕ್ಕೂ ಖಾಲಾರ ತಡೆ. ಕಟ್ಟುಹಾವು ಹೆಚ್ಚಾಗಿ ಕಚ್ಚುವುದು ನೆಲದಲ್ಲಿ ಮಲಗಿದವರನ್ನೇ. ನೋವು, ಬಾವು ಅಷ್ಟಾಗಿ ಕಾಣದು. ಆಮೇಲೆ ರೆಪ್ಪೆ ಜೋಲುತ್ತದೆ, ಉಸಿರು ಕಟ್ಟುತ್ತದೆ. ದುಆ ಮಾಡೋಣ, ಆದರೆ ತಾಯಿತ ಕಟ್ಟಿಸುತ್ತ ಕೂರದೆ ವಿಷನಿರೋಧಕ ಚುಚ್ಚುಮದ್ದಿರುವ ಆಸ್ಪತ್ರೆಗೆ ಓಡಬೇಕು.

ಮಂಚದ ಮೇಲೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿದೆವು. ಫಜ್ರ್‌ಗೆ ಎದ್ದ ಖಾಲಾ ಮೊದಲು ಟಾರ್ಚು ಹಚ್ಚಿ, ಚಪ್ಪಲಿ ಕೊಡವಿದರು. ವುಝೂವಿಗೆ ಕೊಡದ ನೀರು, ಹೊಳೆಗಿಳಿಯಲಿಲ್ಲ.