ದಾಲ್ ಸರೋವರದ ಬಾತುಗಳು

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಗೆ ‘ಚಿಲ್ಲಾಯ್ ಕಲಾನ್’ ಎಂದು ಹೆಸರು. ಆಗ ನಾವು ಶ್ರೀನಗರದಲ್ಲಿ, ದಾಲ್ ಸರೋವರದ ದಡದ ಮನೆಯೊಂದರಲ್ಲಿ ಇಳಿದುಕೊಂಡಿದ್ದೆವು. ನೀರಿನ ಅಂಚು ಹೆಪ್ಪುಗಟ್ಟಿತ್ತು. ಹಿತ್ತಿಲಿನ ಬಾತುಗಳನ್ನು ಕಂಡು ಮರುಕವಾಯಿತು. ಮೈಗೆ ಗರಿಯುಂಟು, ಬರಿಗಾಲಿಗೇನುಂಟು? ಕಾಲಿಗಿಳಿಯುವ ಬಿಸಿರಕ್ತವು ಮೇಲೇರುವ ತಣ್ಣನೆಯ ರಕ್ತಕ್ಕೆ ಶಾಖವನ್ನಿತ್ತು ಒಡಲನ್ನು ಕಾಯುವುದು ನಿಜ. ಆದರೂ ರಾತ್ರಿಯೆಲ್ಲ ಮಂಜುಗಡ್ಡೆಯ ಮೇಲೆ ನಿಂತರೆ ಬೆರಳು ಕಪ್ಪಾಗಿ ಉದುರೀತು. ಮನೆಯ ತಾಯಿ ಪ್ರತಿಸಂಜೆಯೂ ಗೂಡಿನ ಒದ್ದೆಹುಲ್ಲನ್ನು ತೆಗೆದು ಒಣಗಿದ ಬತ್ತದ ಹುಲ್ಲನ್ನು ದಪ್ಪವಾಗಿ ಹಾಸುತ್ತಿದ್ದರು. ಸೂರಿನಡಿಯ ಗವಾಕ್ಷವನ್ನು ಮಾತ್ರ ಮುಚ್ಚುತ್ತಿರಲಿಲ್ಲ. ಚಳಿಗಿಂತಲೂ ಉಸಿರಿನ ತೇವವೇ ವೈರಿಯಂತೆ! ಒಂದು ಮುಂಜಾನೆ ಒಂದು ಬಾತಿನ ಪಾದವು ಬಿಳಿಚಿ ಸೆಟೆದಿತ್ತು. ಆಕೆ ಅದನ್ನು ಕೆಂಡಕ್ಕೆ ಹಿಡಿಯಲಿಲ್ಲ, ಉಜ್ಜಲೂ ಇಲ್ಲ. ಉಗುರುಬೆಚ್ಚನೆಯ ನೀರಿನಲ್ಲಿ ಬಹಳ ಹೊತ್ತು ಅದ್ದಿ, ಒರೆಸಿ, ಮಡಿಲಲ್ಲಿಟ್ಟುಕೊಂಡರು. ಐದು ದಿನಗಳ ಮೇಲೆ ಅದು ಕುಂಟುತ್ತ ಹೊರಬಂದಿತು. ಒಂದು ಬೆರಳಿನ ತುದಿ ಮಾತ್ರ ಕಪ್ಪಾಗಿತ್ತು.